ಮುಗಿಯುತ್ತಿದ್ದ ಆಟಗಳು

ನಮ್ಮ ಕಡೆ ಈಗ ‘ಗೇಮ್’ ಅನ್ನುವ ಪದವೇ ಕೆಟ್ಟುಹೋಗಿದೆ. ಇಂಥವರ ಮಗ ಗೇಮ್ ಆಡ್ತಾನಂತೆ ಅಂತ ಕಟ್ಟೆಯ ಮೇಲೆ ಯಾರಾದರೂ ಅಂದರೆ ಮುಂದಿನ ಪ್ರಶ್ನೆ ‘ಎಷ್ಟು ಹೋತಂತ?’ ಅನ್ನುವುದೇ. ಹಿಂದೆ ಇಸ್ಪೀಟು, ಓಸಿ ಇದ್ದ ಜಾಗದಲ್ಲಿ ಈಗ ಗೇಮ್ ಬಂದು ಕೂತಿದೆ.

ಜಿಲ್ಲಾ ಸುದ್ದಿ ಬರೆಯುವ ನಮಗೆ ಇಂಥದ್ದನ್ನು ಕೇಳಿ ಕೇಳಿ ಸಾಕಾಗಿದೆ. ಮೂರು ವರ್ಷದ ಹಿಂದೆ ಗೋವಿನಜೋಳದ ರೇಟಿನ ಸುದ್ದಿಗೆ ಅಂತ ಒಂದು ಊರಿಗೆ ಹೋಗಿದ್ದೆವು. ಅಲ್ಲಿ ವಯಸ್ಸಾದ ರೈತರೊಬ್ಬರು ಕರೆದು ಕೊಟ್ಟಿಗೆ ತೋರಿಸಿದರು. ಗೂಟ ಎರಡಿದ್ದವು, ಎತ್ತು ಇರಲಿಲ್ಲ. ಡಿಗ್ರಿ ಮುಗಿಸಿ ಮನೆಯಲ್ಲಿದ್ದ ಮಗ ಫೋನಿನಲ್ಲಿ ರಮ್ಮಿ ಆಡಿ ಸೋತು, ಅದನ್ನು ತೀರಿಸಲು ಆ್ಯಪ್‌ನಲ್ಲೇ ಸಾಲ ಎತ್ತಿ, ಆ ಸಾಲದವರು ನೆಂಟರಿಗೆಲ್ಲ ಫೋನ್ ಮಾಡತೊಡಗಿದ ಮೇಲೆ ಎತ್ತುಗಳು ಸಂತೆಗೆ ಹೋಗಿದ್ದವು. ಹೊರಡುವಾಗ ಅವರು ನಮ್ಮ ಕೈಲಿದ್ದ ಫೋನ್ ನೋಡಿ ಕೇಳಿದರು: ‘ನೀವೂ ಗೇಮ್ ಆಡ್ತೀರೇನ್ರಿ?’

‘ಆಡ್ತಿದ್ವಿರಿ’ ಅಂದೆವು. ಅವರು ಮುಂದೆ ಮಾತಾಡಲಿಲ್ಲ. ನಾವು ಹೇಳಿದ ಗೇಮೇ ಬೇರೆ, ಅವರಿಗೆ ಕೇಳಿಸಿದ ಗೇಮೇ ಬೇರೆ.

ನಾವು ಹೇಳಿದ್ದು ಇದು. ಡಿಪ್ಲೊಮಾ ಓದುವಾಗ ಧಾರವಾಡದಲ್ಲಿ ನಾವು ನಾಲ್ವರು ಒಂದೇ ಬಾಡಿಗೆ ರೂಮಿನಲ್ಲಿದ್ದೆವು. ಪೇಜ್‌ಮೇಕರ್ ಮತ್ತು ನುಡಿ ಕಲಿಯಬೇಕು ಅಂತ ನಾಲ್ವರೂ ದುಡ್ಡು ಹಾಕಿ ಒಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಕೊಂಡೆವು. ಅದು ಎಷ್ಟು ಹಳೆಯದೆಂದರೆ ಆಗಿನ ಹೊಸ ಆಟ ಒಂದೂ ಅದರಲ್ಲಿ ಓಡುತ್ತಿರಲಿಲ್ಲ. ಓಡುತ್ತಿದ್ದದ್ದು 1997, 98, 99ರ ಆಟಗಳು. ಹುಬ್ಬಳ್ಳಿಯ ಫುಟ್‌ಪಾತಿನಲ್ಲಿ ಕವರ್ ಇಲ್ಲದ, ಮೇಲೆ ಮಾರ್ಕರ್ ಪೆನ್ನಿನಲ್ಲಿ ಹೆಸರು ಬರೆದ ಸಿಡಿಗಳು ಸಿಗುತ್ತಿದ್ದವು. ಹಳೇ ಪುಸ್ತಕದ ಅಂಗಡಿಯಲ್ಲಿ ಕಂಪ್ಯೂಟರ್ ಮ್ಯಾಗಜಿನ್ ಕೊಂಡರೆ ಒಳಗೆ ಡೆಮೊ ಸಿಡಿ ಇರುತ್ತಿತ್ತು. ಕಂಪ್ಯೂಟರ್ ಕ್ಲಾಸಿಗೆ ಹೋದ ಎಲ್ಲರಿಗೂ ಡೇವ್, ರೋಡ್ ರ‍್ಯಾಶ್, ಪ್ರಿನ್ಸ್ ಆಫ್ ಪರ್ಷಿಯಾ ಗೊತ್ತು. ನಮ್ಮ ಪಾಲಿಗೆ ಬಂದದ್ದು ಆ ಕಾಲದಲ್ಲಿ ಅಷ್ಟು ಹೆಸರು ಮಾಡದ, ಕೆಲವು ಅಂಗಡಿಯಲ್ಲೇ ಉಳಿದುಹೋದ ಆಟಗಳು.

ಪ್ರಿನ್ಸ್ ಆಫ್ ಪರ್ಷಿಯಾದಿಂದಲೇ ಶುರು ಮಾಡೋಣ, ಅದು ನಿಮಗೆ ಗೊತ್ತಿರುವುದರಿಂದ. 1989ರಲ್ಲಿ ಅದನ್ನು ಮಾಡಿದವರು ಅಮೆರಿಕದ ಜೋರ್ಡನ್ ಮೆಕ್ನರ್. ತಮ್ಮನನ್ನು ಓಡಿಸಿ, ಜಿಗಿಸಿ, ವಿಡಿಯೊ ತೆಗೆದು, ಆ ಚಿತ್ರ ನೋಡಿ ನೋಡಿ ರಾಜಕುಮಾರನ ನಡಿಗೆ ಬರೆದರು. ಅದಕ್ಕೇ ಆ ಸಣ್ಣ ಗೊಂಬೆ ನಿಜವಾದ ಮನುಷ್ಯನ ಹಾಗೆ ಕಾಲು ಜಾರಿ, ಸಂಭಾಳಿಸಿ ನಿಲ್ಲುತ್ತಿತ್ತು. ಆಟಕ್ಕೆ 60 ನಿಮಿಷ. ಅಷ್ಟರಲ್ಲಿ ರಾಜಕುಮಾರಿಯನ್ನು ಬಿಡಿಸಿದರೆ ಬಿಡಿಸಿದಿರಿ, ಇಲ್ಲವಾದರೆ ಆಟ ಮುಗಿಯಿತು.

ಅದೇ ಮೆಕ್ನರ್ 1997ರಲ್ಲಿ ತಂದ ಆಟ ‘ದಿ ಲಾಸ್ಟ್ ಎಕ್ಸ್‌ಪ್ರೆಸ್’. ಇದರ ಹೆಸರು ಕೇಳಿದವರೇ ಕಡಿಮೆ. ನಮ್ಮ ನಾಲ್ವರ ಮಟ್ಟಿಗೆ ಇದನ್ನು ಮೀರಿಸಿದ್ದು ಇನ್ನೂ ಬಂದಿಲ್ಲ.

ಕಥೆ 1914ರ ಜುಲೈ 24ರ ಸಂಜೆ ಶುರುವಾಗುತ್ತದೆ. ಪ್ಯಾರಿಸ್ಸಿನಿಂದ ಕಾನ್‌ಸ್ಟಾಂಟಿನೋಪಲ್‌ಗೆ, ಅಂದರೆ ಇವತ್ತಿನ ಇಸ್ತಾಂಬುಲ್‌ಗೆ, ಓರಿಯಂಟ್ ಎಕ್ಸ್‌ಪ್ರೆಸ್ ರೈಲು ಹೊರಟಿದೆ. ಆಸ್ಟ್ರಿಯಾ ಸೆರ್ಬಿಯಾದ ಮೇಲೆ ಯುದ್ಧ ಸಾರಲು, ಅಂದರೆ ಮೊದಲ ಮಹಾಯುದ್ಧ ಹೊತ್ತಿಕೊಳ್ಳಲು ಇನ್ನು ನಾಲ್ಕೇ ದಿನ. ನೀವು ರಾಬರ್ಟ್ ಕ್ಯಾತ್ ಅನ್ನುವ ಅಮೆರಿಕದ ಡಾಕ್ಟರ್. ಗೆಳೆಯ ಕರೆದಿದ್ದಾನೆ ಅಂತ ಓಡುವ ರೈಲಿಗೆ ಬೈಕಿನಿಂದ ಹಾರಿ ಹತ್ತುತ್ತೀರಿ. ಗೆಳೆಯನ ಕಂಪಾರ್ಟ್‌ಮೆಂಟಿನ ಬಾಗಿಲು ತೆಗೆದರೆ ಅವನು ಕೊಲೆಯಾಗಿ ಬಿದ್ದಿದ್ದಾನೆ. ಟಿಸಿ ಯಾವಾಗ ಬೇಕಾದರೂ ಬಾಗಿಲು ಬಡಿಯಬಹುದು. ಹೆಣವನ್ನು ಏನು ಮಾಡುವುದು? ಆಟದ ಮೊದಲ ಸಮಸ್ಯೆಯೇ ಇದು.

ರೈಲಿನಲ್ಲಿ ಸೆರ್ಬಿಯಾದ ಕ್ರಾಂತಿಕಾರಿ ಹುಡುಗರಿದ್ದಾರೆ. ಆಯುಧ ಮಾರುವ ಜರ್ಮನ್ ವ್ಯಾಪಾರಿ, ವಯೊಲಿನ್ ನುಡಿಸುವ ಆಸ್ಟ್ರಿಯಾದ ಹೆಣ್ಣುಮಗಳು, ರಷ್ಯಾದ ಮುದಿ ಜಮೀನ್ದಾರ ಮತ್ತು ಅವನ ಮೊಮ್ಮಗಳು ಇದ್ದಾರೆ. ಯುರೋಪೇ ಒಂದು ರೈಲಿನಲ್ಲಿ ಕೂತು ಜಗಳಕ್ಕೆ ಹೊರಟ ಹಾಗೆ.

ಬೇರೆ ಆಟಗಳಲ್ಲಿ ನಾವು ಬಾಗಿಲು ತೆಗೆಯುವ ತನಕ ಒಳಗಿನವರು ಗೊಂಬೆಯ ಹಾಗೆ ಕಾದಿರುತ್ತಾರೆ. ಇಲ್ಲಿ ಹಾಗಿಲ್ಲ. ಗಡಿಯಾರ ಓಡುತ್ತಲೇ ಇರುತ್ತದೆ, ನಿಜದ ಗಡಿಯಾರಕ್ಕಿಂತ ಆರು ಪಟ್ಟು ಜೋರಾಗಿ. ನೀವು ಊಟದ ಬೋಗಿಯಲ್ಲಿ ಕೂತು ಇಬ್ಬರ ಮಾತು ಕೇಳುತ್ತಿದ್ದರೆ, ಮಲಗುವ ಬೋಗಿಯಲ್ಲಿ ಇನ್ನಿಬ್ಬರು ಮಾತಾಡಿ ಮುಗಿಸಿ ಹೋಗಿರುತ್ತಾರೆ. ಯಾರೂ ನಿಮಗಾಗಿ ಕಾಯುವುದಿಲ್ಲ. ಬಾಗಿಲಿಗೆ ಕಿವಿ ಕೊಡುವುದು, ಕಾರಿಡಾರಿನಲ್ಲಿ ದಾರಿ ಬಿಟ್ಟು ನಿಲ್ಲುವುದು, ಯಾರು ಯಾರ ಕಂಪಾರ್ಟ್‌ಮೆಂಟಿಗೆ ಹೋದರು ಅಂತ ನೆನಪಿಡುವುದು, ಇದೇ ಆಟ. ಹೊಡೆದಾಟ ಬಂದರೂ ನಾಲ್ಕಾರು ಕ್ಷಣದಲ್ಲಿ ಮುಗಿಯುತ್ತದೆ. ತಪ್ಪಿದರೆ ಗಡಿಯಾರದ ಮುಳ್ಳು ಹಿಂದೆ ತಿರುಗಿಸಿ ಹಳೆಯ ಹೊತ್ತಿಗೆ ಹೋಗಬಹುದು.

ಸ್ಟ್ರಿಂಗರ್ ಕೆಲಸ ಅಂದರೂ ಇಷ್ಟೇ ಅಂತ ನಮಗೆ ಗೊತ್ತಾದದ್ದು ಆಮೇಲೆ. ತಾಲ್ಲೂಕು ಪಂಚಾಯಿತಿ ಸಭೆಯಲ್ಲಿ ಕೂತಿದ್ದಾಗ ಎಪಿಎಂಸಿಯಲ್ಲಿ ಜಗಳ ಆಗಿರುತ್ತದೆ. ಎಪಿಎಂಸಿಗೆ ಓಡಿದರೆ ಆಸ್ಪತ್ರೆಯಲ್ಲಿ ಏನೋ ಆಗಿರುತ್ತದೆ. ಮುಳ್ಳು ಹಿಂದೆ ತಿರುಗಿಸುವ ಬಟನ್ ಒಂದು ನಮಗಿಲ್ಲ.

ಭಾಷೆಯ ವಿಷಯ ಹೇಳಲೇಬೇಕು. ಆ ರೈಲಿನಲ್ಲಿ ಎಲ್ಲರೂ ಅವರವರ ಭಾಷೆಯಲ್ಲೇ ಮಾತಾಡುತ್ತಾರೆ. ಫ್ರೆಂಚ್, ಜರ್ಮನ್, ರಷ್ಯನ್ ಕ್ಯಾತ್‌ಗೆ ಬರುತ್ತದೆ, ಆದ್ದರಿಂದ ಕೆಳಗೆ ಇಂಗ್ಲಿಷಿನಲ್ಲಿ ಅಕ್ಷರ ಮೂಡುತ್ತದೆ. ಸೆರ್ಬಿಯಾದವರು ತಮ್ಮ ಭಾಷೆಗೆ ತಿರುಗಿದರೆ ಅಕ್ಷರ ಬರುವುದಿಲ್ಲ. ಮುಖ ನೋಡಿ ಅಂದಾಜು ಮಾಡಬೇಕು. ನಮಗೋ ಆ ಇಂಗ್ಲಿಷೇ ಅರ್ಧ ಅಂದಾಜು. ನಮ್ಮಲ್ಲಿ ಸವಣೂರ ಕಡೆಯ ಗೆಳೆಯನೊಬ್ಬನಿಗೆ ಮಾತ್ರ ಇಂಗ್ಲಿಷ್ ಚೆನ್ನಾಗಿತ್ತು. ಅವನು ಓದಿ ಹೇಳುತ್ತಿದ್ದ, ಒಬ್ಬ ಮೌಸ್ ಹಿಡಿಯುತ್ತಿದ್ದ, ಇನ್ನೊಬ್ಬ ನೋಟ್‌ಬುಕ್ಕಿನಲ್ಲಿ ಯಾರು ಎಷ್ಟು ಗಂಟೆಗೆ ಎಲ್ಲಿದ್ದರು ಅಂತ ಬರೆಯುತ್ತಿದ್ದ. ನಾಲ್ಕನೆಯವನು ಚಹಾ. ಆ ನೋಟ್‌ಬುಕ್ ಪೊಲೀಸರ ಕೇಸ್ ಡೈರಿಯ ಹಾಗಿತ್ತು.

ಆಟದ ನಡುವೆ ಒಂದು ಸಂಗೀತ ಕಚೇರಿ ಇದೆ. ಒಬ್ಬ ಶ್ರೀಮಂತನ ಖಾಸಗಿ ಬೋಗಿಯಲ್ಲಿ ಆ ಹೆಣ್ಣುಮಗಳು ವಯೊಲಿನ್ ನುಡಿಸುತ್ತಾಳೆ, ಅವನು ಪಿಯಾನೊ. ರೈಲಿನ ದೊಡ್ಡವರೆಲ್ಲ ಅಲ್ಲಿ ಸೇರಿರುತ್ತಾರೆ. ಎಲ್ಲರ ಕಂಪಾರ್ಟ್‌ಮೆಂಟ್ ಖಾಲಿ ಇರುವ ಹೊತ್ತು ಅದು, ಎದ್ದು ಹೋಗಿ ಹುಡುಕಬೇಕು. ಆದರೆ ನಮ್ಮ ಮೌಸ್ ಹಿಡಿದವನು ಮೊದಲ ಸಲ ಏಳಲೇ ಇಲ್ಲ. ಕಚೇರಿ ಮುಗಿಯುವ ತನಕ ನಾಲ್ವರೂ ಕೇಳುತ್ತ ಕೂತೆವು. ಪಾಶ್ಚಾತ್ಯ ಸಂಗೀತವನ್ನು ಪೂರ್ತಿ ಕೂತು ಕೇಳಿದ್ದು ನಮ್ಮ ಬದುಕಿನಲ್ಲಿ ಅದೇ ಮೊದಲು.

ಇದನ್ನು ಮಾಡಲು ನಾಲ್ಕೈದು ವರ್ಷ, ಸುಮಾರು 50 ಲಕ್ಷ ಡಾಲರ್ ಹಿಡಿಯಿತು. ಅಥೆನ್ಸ್‌ನ ರೈಲ್ವೆ ಯಾರ್ಡಿನಲ್ಲಿ ತುಕ್ಕು ಹಿಡಿಯುತ್ತಿದ್ದ ಆ ಕಾಲದ ಒಂದು ಬೋಗಿಯನ್ನು ಹುಡುಕಿ, ಅದನ್ನು ನೋಡಿ ಆಟದ ರೈಲು ಕಟ್ಟಿದರು. ನಟರಿಂದ ನಟನೆ ಮಾಡಿಸಿ, ಆ ಚಿತ್ರಗಳ ಮೇಲೆ ಗೆರೆ ಎಳೆದು, ಹಳೆಯ ಪೋಸ್ಟರಿನ ಹಾಗೆ ಬಣ್ಣ ಹಾಕಿದರು. ಮೂರು ಸಿಡಿಯ ಆಟ. ಮಾರುವ ಹೊತ್ತಿಗೆ ಬ್ರೋಡರ್‌ಬಂಡ್ ಕಂಪನಿಯ ಮಾರ್ಕೆಟಿಂಗ್‌ನವರೇ ಕೆಲಸ ಬಿಟ್ಟು ಹೋಗಿದ್ದರು. ಜಾಹೀರಾತು ಸರಿಯಾಗಿ ಆಗಲಿಲ್ಲ. ವಿಮರ್ಶಕರು ಹೊಗಳಿದರು, ಜನ ಕೊಳ್ಳಲಿಲ್ಲ. ಮರುವರ್ಷ ಬ್ರೋಡರ್‌ಬಂಡನ್ನೇ ಇನ್ನೊಂದು ಕಂಪನಿ ಕೊಂಡಿತು, ಆಟ ಅಂಗಡಿಯಿಂದ ಕಾಣೆಯಾಯಿತು. ಚೆನ್ನಾಗಿ ಬರೆದ ಸುದ್ದಿ ಜಾಹೀರಾತಿಗೆ ಜಾಗ ಬಿಟ್ಟು ಹೊರಗುಳಿಯುವುದನ್ನು ನೋಡಿದವರಿಗೆ ಇದರಲ್ಲಿ ಹೊಸದೇನೂ ಇಲ್ಲ.

ಎರಡನೆಯದು ‘ಏಬ್ಸ್ ಆಡಿಸಿ’, ಇದೂ 1997ರದ್ದು. ಅಮೆರಿಕ, ಯುರೋಪಿನಲ್ಲಿ ಇದು ಚೆನ್ನಾಗಿಯೇ ಮಾರಾಟವಾಯಿತು. ನಮ್ಮಲ್ಲಿ ಕೇಳಿದವರಿಲ್ಲ.

ಏಬ್ ಅನ್ನುವವನು ಒಂದು ಮಾಂಸದ ಕಾರ್ಖಾನೆಯಲ್ಲಿ ನೆಲ ಒರೆಸುವ ಕೂಲಿ. ಮನುಷ್ಯನಲ್ಲ, ಮುಡೊಕನ್ ಅನ್ನುವ ಜಾತಿಯ ಜೀವಿ. ಬಾಯಿ ಹೊಲಿದಿದೆ, ಮೈ ಬಡಕಲು. ಕಾರ್ಖಾನೆಗೆ ಬರುತ್ತಿದ್ದ ಪ್ರಾಣಿಗಳನ್ನು ಕೊಂದು ಕೊಂದು ಸಂತಾನವೇ ತೀರುತ್ತ ಬಂದಿದೆ. ಲಾಭ ಇಳಿದಿದೆ. ಒಂದು ರಾತ್ರಿ ಮಾಲೀಕರ ಮೀಟಿಂಗ್ ನಡೆಯುತ್ತಿದ್ದಾಗ ಏಬ್ ಹೊರಗಿನಿಂದ ಕೇಳಿಸಿಕೊಳ್ಳುತ್ತಾನೆ. ಮುಂದಿನ ತಿನಿಸು ಕೂಲಿಗಳ ಮಾಂಸದ್ದು ಅಂತ ತೀರ್ಮಾನವಾಗಿದೆ.

ಇದು ಓಡುವ, ಜಿಗಿಯುವ ಆ್ಯಕ್ಷನ್ ಆಟವೇ. ಆದರೆ ಏಬ್ ಕೈಯಲ್ಲಿ ಬಂದೂಕಿಲ್ಲ. ಒಂದೇ ಗುಂಡಿಗೆ ಸಾಯುತ್ತಾನೆ. ಅವನ ಆಸ್ತಿ ಮಾತು. ಒಂದು ಬಟನ್ ಒತ್ತಿದರೆ ‘ನಮಸ್ಕಾರ’ ಅನ್ನುತ್ತಾನೆ, ಇನ್ನೊಂದಕ್ಕೆ ‘ನನ್ನ ಹಿಂದೆ ಬಾ’, ಮತ್ತೊಂದಕ್ಕೆ ‘ನಿಲ್ಲು’. ಸಿಳ್ಳೆ ಹೊಡೆಯುತ್ತಾನೆ. ಹೂಸು ಬಿಡುವುದಕ್ಕೂ ಒಂದು ಬಟನ್ ಇದೆ, ಮೊದಲ ವಾರ ನಾವು ಅದನ್ನೇ ಹೆಚ್ಚು ಒತ್ತಿದೆವು. ಮಂತ್ರ ಹೇಳಿ ಕಾವಲುಗಾರನ ಮೈಮೇಲೆ ಬರುವುದೂ ಗೊತ್ತು. ನಮ್ಮ ಜಾತ್ರೆಯಲ್ಲಿ ದೇವರು ಬಂದ ಹಾಗೆ ಅನ್ನಿ, ಇಲ್ಲಿ ಬರುವವನು ಕೂಲಿ.

ಕಾರ್ಖಾನೆಯಲ್ಲೂ ಹೊರಗೂ ಒಟ್ಟು 99 ಮುಡೊಕನ್‌ಗಳಿದ್ದಾರೆ. ಒಬ್ಬೊಬ್ಬರ ಹತ್ತಿರ ಹೋಗಿ, ನಮಸ್ಕಾರ ಹೇಳಿ, ಕರೆದುಕೊಂಡು ಬಂದು ದಾಟಿಸಬೇಕು. ಅವರನ್ನು ಬಿಟ್ಟು ಒಬ್ಬನೇ ಓಡಿಹೋಗಲು ಆಟ ಅಡ್ಡಿ ಮಾಡುವುದಿಲ್ಲ. ಆದರೆ ಕೊನೆಯಲ್ಲಿ ಏಬ್ ಸಿಕ್ಕಿಬೀಳುತ್ತಾನೆ. ಆಗ ಲೆಕ್ಕ ಬರುತ್ತದೆ. 50 ಮಂದಿಯನ್ನಾದರೂ ಉಳಿಸಿದ್ದರೆ ಅವರು ಬಂದು ಇವನನ್ನು ಉಳಿಸುತ್ತಾರೆ, ಇಲ್ಲದಿದ್ದರೆ ಯಾರೂ ಬರುವುದಿಲ್ಲ. ಮೊದಲ ಸಲ ನಮ್ಮದು ಬರೀ 17. ಏಬ್ ಯಂತ್ರಕ್ಕೆ ಬಿದ್ದ.

ಈ ಆಟ ಜಪಾನಿಗೆ ಹೋದಾಗ ಏಬ್‌ನ ಕೈ ಬದಲಾಯಿತು. ಮೂಲದಲ್ಲಿ ನಾಲ್ಕು ಬೆರಳು, ಅಲ್ಲಿ ಮೂರು ಮಾಡಿದರು. ಯಾಕೆಂದರೆ ಜಪಾನಿನಲ್ಲಿ ತಲೆಮಾರುಗಳಿಂದ ಕಸಾಯಿ ಮತ್ತು ಚರ್ಮದ ಕೆಲಸಕ್ಕೆ ಕಟ್ಟಿಹಾಕಿದ್ದ, ಊರವರು ದೂರ ಇಡುತ್ತಿದ್ದ ಬುರಾಕುಮಿನ್ ಅನ್ನುವ ಸಮುದಾಯವಿದೆ. ಅವರನ್ನು ಹೀಯಾಳಿಸುವವರು ನಾಲ್ಕು ಕಾಲಿನ ಪ್ರಾಣಿ ಅನ್ನುವ ಅರ್ಥದಲ್ಲಿ ನಾಲ್ಕು ಬೆರಳು ತೋರಿಸುತ್ತಾರೆ. ನಾಲ್ಕು ಬೆರಳಿನವನು ಮಾಂಸದ ಕಾರ್ಖಾನೆಯಲ್ಲಿ ದುಡಿಯುವುದು ಅಲ್ಲಿ ಬೇರೆಯೇ ಅರ್ಥ ಕೊಡುತ್ತಿತ್ತು.

ಇದನ್ನು ನಾವು ಓದಿದ್ದು ಒಂದು ಸೈಬರ್ ಕೆಫೆಯಲ್ಲಿ. ನಮ್ಮ ನಾಲ್ವರಲ್ಲಿ ಒಬ್ಬನಿಗೆ ಚಹಾದಂಗಡಿಯ ಬೇರೆ ಲೋಟ ಚಿಕ್ಕಂದಿನಿಂದ ಗೊತ್ತಿತ್ತು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬೆರಳ ತಗದ್ರ ಅದು ಹೋಕ್ಕೈತೇನಲೇ?’ ಅಂದ. ಜಾತಿಯ ಬಗ್ಗೆ ನಾವು ನಾಲ್ವರು ಬಾಯಿ ಬಿಟ್ಟು ಮಾತಾಡಿದ್ದು ಅವತ್ತೇ ಮೊದಲು. ಒಂದು ವರ್ಷ ಒಂದೇ ರೂಮಿನಲ್ಲಿದ್ದ ಮೇಲೆ.

ಇನ್ನು ‘ಔಟ್‌ಕಾಸ್ಟ್’. 1999ರಲ್ಲಿ ಬೆಲ್ಜಿಯಂ ದೇಶದ ನಮೂರ್ ಅನ್ನುವ ಊರಿನ ಅಪೀಲ್ ಕಂಪನಿ ಮಾಡಿದ್ದು. ಹೆಸರು ನೋಡಿ ಇದೂ ಜಾತಿಯ ಕಥೆ ಅಂದುಕೊಂಡಿದ್ದೆವು, ಅಲ್ಲ. ಕಟರ್ ಸ್ಲೇಡ್ ಅನ್ನುವ ಸೈನಿಕ ಅಡೆಲ್ಫಾ ಅನ್ನುವ ಬೇರೆ ಲೋಕಕ್ಕೆ ಹೋಗಿ ಬೀಳುತ್ತಾನೆ. ಅಲ್ಲಿ ಒಬ್ಬ ಸರ್ವಾಧಿಕಾರಿ, ಅವನ ಸೈನ್ಯ, ನಡುವೆ ಬಡ ಜನ. ಕಥೆ ಹಳೆಯದೇ. ಆದರೆ ಇದರಲ್ಲೊಂದು ಲೆಕ್ಕ ಇದೆ, ಅದು ನಮ್ಮ ಓದುಗರಿಗೆ ಹೇಳಲೇಬೇಕಾದದ್ದು.

ಆ ಲೋಕದ ಒಂದು ಸೀಮೆಯಲ್ಲಿ ಬರೀ ಗದ್ದೆ. ಅಲ್ಲಿ ಬೆಳೆಯುವುದಕ್ಕೆ ‘ರಿಸ್’ ಅಂತ ಹೆಸರು, ಭತ್ತ ಅಂತಲೇ ತಿಳಿಯಿರಿ. ಸೈನಿಕರ ಹೊಟ್ಟೆ ತುಂಬುವುದು ಆ ಗದ್ದೆಯಿಂದ. ನೀವು ನೆಟ್ಟಗೆ ಬಂದೂಕು ಹಿಡಿದು ನುಗ್ಗಿದರೆ ಸೈನಿಕರು ಗಟ್ಟಿಯಾಗಿರುತ್ತಾರೆ, ಬೇಗ ಸಾಯುವುದಿಲ್ಲ. ಅದರ ಬದಲು ಗದ್ದೆಯವರ ಜೊತೆ ಮಾತಾಡಿ, ಅವರ ಕಷ್ಟ ಒಂದೊಂದಾಗಿ ಬಗೆಹರಿಸಿ, ಬೆಳೆ ಕೊಡುವುದನ್ನು ನಿಲ್ಲಿಸಲು ಒಪ್ಪಿಸಿದರೆ ಸೈನ್ಯವೇ ಸೊರಗುತ್ತದೆ. ಇನ್ನೊಂದು ಸೀಮೆಯ ಗಣಿ ನಿಂತರೆ ಅವರ ಆಯುಧದ ಜೋರು ಇಳಿಯುತ್ತದೆ. ಒಂದು ಆ್ಯಕ್ಷನ್ ಆಟದಲ್ಲಿ ರೈತರು ಬೆಳೆ ಕೊಡದಿದ್ದರೆ ರಾಜ್ಯ ಅಲ್ಲಾಡುತ್ತದೆ ಅಂತ ತೋರಿಸಿದ್ದನ್ನು ನಾವು ಅದಕ್ಕೂ ಮೊದಲು ನೋಡಿರಲಿಲ್ಲ, ಆಮೇಲೂ ಹೆಚ್ಚು ನೋಡಲಿಲ್ಲ.

ಸಂಗೀತವನ್ನು ಮಾಸ್ಕೋದ ದೊಡ್ಡ ವಾದ್ಯವೃಂದದಿಂದ ನುಡಿಸಿದ್ದರು. ಆದರೆ ನಮ್ಮ ಕಂಪ್ಯೂಟರಿನಲ್ಲಿ ಈ ಆಟ ಎತ್ತಿನ ಗಾಡಿಯ ಹಾಗೆ ನಡೆಯುತ್ತಿತ್ತು. ಆಗಿನ ಆಟಗಳು ಗ್ರಾಫಿಕ್ಸ್ ಕಾರ್ಡಿಗೆ ಹೊಂದಿಕೊಳ್ಳುತ್ತಿದ್ದ ಕಾಲದಲ್ಲಿ ಇದರ ಭಾರವೆಲ್ಲ ಪ್ರೊಸೆಸರ್ ಮೇಲೆ. ಎರಡನೇ ಭಾಗ ಅರ್ಧಕ್ಕೆ ನಿಂತು, ಕಂಪನಿಯೂ ಬಾಗಿಲು ಹಾಕಿತು.

‘ಗ್ರಿಮ್ ಫ್ಯಾಂಡಾಂಗೊ’ ಬಗ್ಗೆ ಚುಟುಕಾಗಿ. 1998, ಲ್ಯೂಕಾಸ್‌ಆರ್ಟ್ಸ್ ಕಂಪನಿ, ಬರೆದವರು ಟಿಮ್ ಶೇಫರ್. ಮೆಕ್ಸಿಕೊದವರು ಸತ್ತ ಹಿರಿಯರಿಗೆ ಎಡೆ ಇಡುವ ಹಬ್ಬದಿಂದ ಹುಟ್ಟಿದ ಕಥೆ, ನಮ್ಮ ಮಹಾಲಯ ಅಮಾವಾಸ್ಯೆ ನೆನಪಾಗುತ್ತದೆ. ಸತ್ತವರು ಪರಲೋಕ ಸೇರಲು ನಾಲ್ಕು ವರ್ಷ ನಡೆಯಬೇಕು. ಒಳ್ಳೆಯವರಿಗೆ ಮಾತ್ರ ನಾಲ್ಕೇ ನಿಮಿಷದ ರೈಲಿನ ಟಿಕೆಟ್. ಈ ಟಿಕೆಟ್‌ಗಳನ್ನು ಆಫೀಸಿನ ಒಳಗಿನವರೇ ಕದ್ದು ದುಡ್ಡಿದ್ದವರಿಗೆ ಮಾರುತ್ತಿದ್ದಾರೆ ಅಂತ ಅದೇ ಆಫೀಸಿನ ಗುಮಾಸ್ತ ಮ್ಯಾನಿಗೆ ಗೊತ್ತಾಗುತ್ತದೆ. ಬಡವರ ಮನೆಯ ಪಟ್ಟಿಯಲ್ಲಿ ಎರಡಂತಸ್ತಿನ ಮನೆಯವರ ಹೆಸರು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪ್ರಶಸ್ತಿ ಬಂತು, ಮಾರಾಟ ಸೋತಿತು. ಅದನ್ನು ಆಡಿಸುವ ಬಟನ್‌ಗಳು ಮಾತ್ರ ತಲೆನೋವು. ಮ್ಯಾನಿ ಗೋಡೆಗೆ ಡಿಕ್ಕಿ ಹೊಡೆಯುತ್ತಲೇ ಇರುತ್ತಿದ್ದ.

ಈ ನಾಲ್ಕೂ ಆಟ ಒಂದು ದಿನ ಮುಗಿಯುತ್ತಿದ್ದವು. ರೈಲು ಕಾನ್‌ಸ್ಟಾಂಟಿನೋಪಲ್ ಸೇರುತ್ತಿತ್ತು. ಏಬ್ ಬದುಕುತ್ತಿದ್ದ ಇಲ್ಲವೇ ಸಾಯುತ್ತಿದ್ದ. ಪರದೆಯ ಮೇಲೆ ಮಾಡಿದವರ ಹೆಸರುಗಳು ಸರಿದು, ಕಂಪ್ಯೂಟರ್ ಸುಮ್ಮನಾಗುತ್ತಿತ್ತು. ನಾವು ಎದ್ದು ಹೊರಗೆ ಹೋಗುತ್ತಿದ್ದೆವು. ರಾತ್ರಿಗಳನ್ನು ಕಳೆದದ್ದು ನಿಜ, ಇಂಟರ್ನಲ್ ಪರೀಕ್ಷೆಯ ಹಿಂದಿನ ರಾತ್ರಿಯನ್ನೂ. ಆದರೆ ಎಷ್ಟು ಸತ್ತರೂ, ಎಷ್ಟು ಸೋತರೂ ಜೇಬಿನಿಂದ ಹೋದದ್ದು ಸಿಡಿಯ ದುಡ್ಡು ಮಾತ್ರ.

ಅದರ ಹಿಂದೆ ವ್ಯಾಪಾರದ ಲೆಕ್ಕವೂ ಇತ್ತು. ಆಗ ಕಂಪನಿಗೆ ದುಡ್ಡು ಬರುತ್ತಿದ್ದದ್ದು ಡಬ್ಬಿ ಮಾರಾಟವಾದ ದಿನ. ಆಮೇಲೆ ನೀವು ಹತ್ತು ಗಂಟೆ ಆಡಿ, ನೂರು ಗಂಟೆ ಆಡಿ, ಅವರಿಗೆ ಒಂದೇ. ಹಾಗಾಗಿ ಕಥೆಗೆ ಕೊನೆ ಇಡಬಹುದಿತ್ತು. ಈಗ ಫೋನಿನ ಆಟ ಪುಕ್ಕಟೆ ಇಳಿಯುತ್ತದೆ. ದುಡ್ಡು ಬರುವುದು ನೀವು ಒಳಗೆ ಇದ್ದಷ್ಟು ಹೊತ್ತು. ಕೊನೆ ಬಂದರೆ ಆದಾಯಕ್ಕೂ ಕೊನೆ. ರಮ್ಮಿಯಂಥವು ಇನ್ನೂ ಕೆಟ್ಟವು, ಅಲ್ಲಿ ನಿಮ್ಮ ಸೋಲೇ ಇನ್ನೊಬ್ಬರ ಆದಾಯ.

ಕಾನೂನೂ ಹಿಂದೆ ಮುಂದೆ ಓಡಾಡಿತು. 2021ರಲ್ಲಿ ನಮ್ಮ ರಾಜ್ಯ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ದುಡ್ಡಿಟ್ಟು ಆಡುವ ಆನ್‌ಲೈನ್ ಆಟ ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಇಡೀ ದೇಶಕ್ಕೇ ಕಾಯ್ದೆ ಪಾಸು ಮಾಡಿತು. ಆ ಎತ್ತುಗಳು ಹೋದದ್ದು ಈ ಎರಡರ ನಡುವೆ.

ನಮ್ಮ ಅಕ್ಕನ ಮಗ ಒಂಬತ್ತನೇ ಕ್ಲಾಸು. ದುಡ್ಡಿನ ಆಟ ಆಡುವುದಿಲ್ಲ, ಗುಂಡು ಹಾರಿಸುವ ಆಟ ಆಡುತ್ತಾನೆ. ‘ಇದು ಯಾವಾಗ ಮುಗಿತೈತಿ?’ ಅಂತ ಕೇಳಿದೆವು. ‘ಮುಗಿಯೂದು ಅಂತ ಇರೂದಿಲ್ಲ ಮಾಮಾ, ಸೀಸನ್ ಮುಗದ್ರ ಇನ್ನೊಂದ್ ಸೀಸನ್ ಬರತೈತಿ’ ಅಂದ. ನಾವು ಏನೋ ಪುರಾಣ ಕೇಳಿದೆವು ಅನ್ನುವ ಮುಖ ಮಾಡಿದ.

ಹೋದ ದೀಪಾವಳಿಗೆ ಬಂದಾಗ ನಮ್ಮ ಹಳೇ ಲ್ಯಾಪ್‌ಟಾಪಿನಲ್ಲಿ ಏಬ್ ಹಾಕಿಕೊಟ್ಟೆವು. ಈಗ ಈ ಆಟಗಳ ಅಸಲಿ ಪ್ರತಿಗಳು ಇಂಟರ್‌ನೆಟ್ಟಿನಲ್ಲೇ ಮಾರಾಟಕ್ಕಿವೆ, ಹಬ್ಬದ ಡಿಸ್ಕೌಂಟ್ ಇದ್ದಾಗ ಒಂದು ಹೋಟೆಲ್ ಊಟದ ದುಡ್ಡಿಗೆ ಸಿಗುತ್ತವೆ. ಗ್ರಿಮ್ ಫ್ಯಾಂಡಾಂಗೊವನ್ನು ಶೇಫರ್ ಅವರ ಹೊಸ ಕಂಪನಿಯೇ 2015ರಲ್ಲಿ ತಿದ್ದಿ ತಂದಿತು, ಔಟ್‌ಕಾಸ್ಟ್ 2017ರಲ್ಲಿ ಹೊಸ ರೂಪದಲ್ಲಿ ಬಂತು. ಹುಡುಗ ಮೊದಲು ‘ಗ್ರಾಫಿಕ್ಸ್ ಭಾಳ ಹಳೇದೈತಿ’ ಅಂದ. ಬಂದೂಕಿನ ಬಟನ್ ಯಾವುದು ಅಂತ ಕೇಳಿದ. ಇಲ್ಲ ಅಂದೆವು. ಊಟಕ್ಕೆ ಕರೆದಾಗ ಬರಲಿಲ್ಲ. ಒಳಗೆ ಹೋಗಿ ನೋಡಿದರೆ ಮೂವರು ಮುಡೊಕನ್‌ಗಳನ್ನು ಸಾಲಾಗಿ ನಿಲ್ಲಿಸಿಕೊಂಡು, ಕಾವಲುಗಾರ ಬೆನ್ನು ತಿರುಗಿಸುವುದನ್ನೇ ಉಸಿರು ಹಿಡಿದು ಕಾಯುತ್ತಿದ್ದ.

ಲ್ಯಾಪ್‌ಟಾಪ್ ಅವನ ಜೊತೆಗೇ ಊರಿಗೆ ಹೋಯಿತು. ಕಳೆದ ವಾರ ಫೋನ್ ಮಾಡಿ 61 ಅಂದ. ಉಳಿದ 38 ಮಂದಿ ಎಲ್ಲೆಲ್ಲಿ ಅಡಗಿದ್ದಾರೆ ಹೇಳು ಅಂತ ಗಂಟು ಬಿದ್ದಿದ್ದಾನೆ. ನಮಗೂ ಕೆಲವು ಮರೆತುಹೋಗಿವೆ. ಆ ಹಳೇ ನೋಟ್‌ಬುಕ್ ಯಾರ ಹತ್ತಿರ ಇದೆ ಅಂತ ರೂಮಿನ ಉಳಿದ ಮೂವರಿಗೆ ಮೆಸೇಜ್ ಹಾಕಿದ್ದೇವೆ. ಸವಣೂರಿನವನು ಮಾತ್ರ ಇನ್ನೂ ನೋಡಿಲ್ಲ.